ಓರೆ ಕೊಡದ ಲೆಕ್ಕ

ನಮ್ಮ ಹುಡುಗಿಗೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಕೆಲಸ ಸಿಕ್ಕಿದೆ. ಕೈವಾರದಿಂದ ಸ್ವಲ್ಪ ಆಚೆ ಶಾಲೆ. ಸೋಮವಾರ ಹೋಗಿ ಸೇರಿಕೊಂಡಳು. ಅವಳು ನನ್ನ ಮಗಳ ಮಗಳು, ಮೊದಲನೇ ಮೊಮ್ಮಗಳು. ಸುದ್ದಿ ಬಂದ ದಿನ ನಾನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಮನೆಯನ್ನೂ ಬಿಡದೆ ಹೋಗಿ ಹೇಳಿದೆ. ಮಾತು ಬಿಟ್ಟವರ ಮನೆಗೂ ಹೋದೆ. ಡೇರಿಯಲ್ಲಿ ಹಾಲು ಅಳೆಯುವವನಿಗೆ ಹೇಳಿದೆ, ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಬರುವ ಹೆಂಗಸರಿಗೆ ಹೇಳಿದೆ, ಜಂಗಮಕೋಟೆ ಬಸ್ಸಿನ ಕಂಡಕ್ಟರಿಗೂ ಹೇಳಿದೆ. ಹಾಗಾದರೆ ಇನ್ನು ಮೇಲೆ ಅಜ್ಜಿ ಸರಿಯಾಗಿ ಚಿಲ್ಲರೆ ಎಣಿಸಿ ಕೊಡ್ತಾರೆ ಬಿಡಿ ಎಂದ ಅವನು. ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಇಷ್ಟು ಜನಕ್ಕೆ ಹೇಳಿದ ಮೇಲೂ ಹೊಟ್ಟೆ ತುಂಬಲಿಲ್ಲ. ಯಾರಿಗೆ ಮೊದಲು ಹೇಳಬೇಕಾಗಿತ್ತೋ ಅವರಿಗೆ ಹೇಳಲು ಆಗಲಿಲ್ಲ. ಅವರು ತೀರಿಕೊಂಡು ಎರಡು ವರ್ಷವಾಯಿತು.

ಅವರ ಹೆಸರು ಇಲ್ಲಿ ಬೇಡ. ಊರಿನವರೆಲ್ಲ ಮೇಷ್ಟ್ರು ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತಿದ್ದೆ. ಅವರಿಗೂ ಬೇಕಾಗಿದ್ದದ್ದು ಅದೊಂದೇ ಹೆಸರು.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯೊಂದನ್ನು ಬಾಡಿಗೆಗೆ ಕೊಡುತ್ತಿದ್ದೆವು. ನಮ್ಮೂರ ಹೈಸ್ಕೂಲಿಗೆ ವರ್ಗವಾಗಿ ಬಂದಾಗ ಮೇಷ್ಟ್ರು ಆ ಕೋಣೆಗೆ ಬಂದರು, ರಿಟೈರಾದ ಮೇಲೂ ಅಲ್ಲೇ ಉಳಿದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಗೌರಿಬಿದನೂರಿನಲ್ಲಿ ಅಕ್ಕನ ಮಗನೊಬ್ಬನಿದ್ದ, ಯುಗಾದಿಗೆ ಒಂದು ಸಲ ಬಂದು ಹೋಗುತ್ತಿದ್ದ. ಉಳಿದಂತೆ ಅವರನ್ನು ಹುಡುಕಿಕೊಂಡು ಬಂದವರನ್ನು ನಾನು ಕಂಡಿಲ್ಲ.

ಅವರ ಕಡೆಯವರಿಗೆ ಮನೆಮಾತು ತೆಲುಗು. ನಮ್ಮ ಜೊತೆ ಕನ್ನಡವನ್ನೇ ಆಡುತ್ತಿದ್ದರು. ಆದರೆ ಲೆಕ್ಕ ಮೈಮೇಲೆ ಬಂದರೆ ಬಾಯಿ ತಾನಾಗಿ ತೆಲುಗಿಗೆ ತಿರುಗುತ್ತಿತ್ತು. ಒಕಟಿ, ರೆಂಡು, ಮೂಡು ಎಂದು ಗೊಣಗುವುದು ಗೋಡೆಯ ಈ ಕಡೆ ಸೊಪ್ಪು ಕತ್ತರಿಸುತ್ತಿದ್ದ ನನಗೆ ಕೇಳಿಸುತ್ತಿತ್ತು. ಇಸ್ತ್ರಿ ಮಾಡಿದ ಅರ್ಧ ತೋಳಿನ ಬಿಳಿ ಶರಟು ಹಾಕುತ್ತಿದ್ದರು. ಎಡಗಡೆ ಹೊಟ್ಟೆಯ ಹತ್ತಿರ ಮಾತ್ರ ಸೀಮೆಸುಣ್ಣದ ಕೈ ಒರೆಸಿ ಒರೆಸಿ ಒಂದು ಬೂದು ಗುರುತು. ಎಷ್ಟು ಒಗೆದರೂ ಹೋಗುವುದಿಲ್ಲ ಮೇಷ್ಟ್ರೇ ಎಂದರೆ, ಹೋಗಬಾರದು ಅಮ್ಮಾ, ಅದು ನನ್ನ ಪದಕ ಎನ್ನುತ್ತಿದ್ದರು.

ಅವರ ಹತ್ತಿರ ಒಂದು ಮಾತಿತ್ತು. ಯಾವುದಕ್ಕೂ ಅದನ್ನೇ ಹೇಳುತ್ತಿದ್ದರು. ಎಲ್ಲಿ ನಿಂತಿದೆ ಹೇಳು, ಯಾವ ಕಡೆಗೆ ಎಷ್ಟು ಓರೆ ಹೇಳು, ಈ ಎರಡು ಸಾಕು, ಮಿಕ್ಕಿದ್ದು ನಾನು ಹೇಳ್ತೀನಿ. ಪಂಚಾಯ್ತಿ ಎಲೆಕ್ಷನ್ನಿನಲ್ಲಿ ನಿಂತವರು ಕೈಮುಗಿದುಕೊಂಡು ಬಂದು ಹೋದ ಮೇಲೆ ಇದೇ ಮಾತು ಹೇಳಿ ನಗುತ್ತಿದ್ದರು. ನನ್ನ ಮಗ ಬೇಸಾಯ ಬಿಟ್ಟು ಲಾರಿ ಹಾಕುತ್ತೇನೆಂದು ಕುಣಿಯುತ್ತಿದ್ದಾಗಲೂ ಇದನ್ನೇ ಹೇಳಿದರು. ಅದು ತಮಾಷೆಯ ಮಾತೆಂದುಕೊಂಡಿದ್ದೆ. ನಿಜವಾದ ಲೆಕ್ಕವೇ ಹಾಗೊಂದಿದೆ ಎಂದು ಗೊತ್ತಾಗಿದ್ದು ಬಹಳ ದಿನದ ಮೇಲೆ.

ರಿಟೈರಾದ ಮೇಲೆ ಮೇಷ್ಟ್ರು ಸಂಜೆ ಹೊತ್ತು ಬೀದಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಕೋಣೆಯ ಗೋಡೆಗೆ ಒಂದು ಕರಿಹಲಗೆ, ನೆಲಕ್ಕೆ ಎರಡು ಚಾಪೆ. ಮಕ್ಕಳು ತುಂಬಿಕೊಂಡು ಚಪ್ಪಲಿಗಳು ನಮ್ಮ ಹಜಾರದ ತನಕ ಬರುತ್ತಿದ್ದವು. ಆಮೇಲೆ ಕಣ್ಣು ಕೆಡಲು ಶುರುವಾಯಿತು. ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಇರುವುದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದರಂತೆ ಡಾಕ್ಟರು. ಪೈಪಿನೊಳಗಿನಿಂದ ನೋಡಿದ ಹಾಗೆ ಕಾಣುತ್ತೆ ಎಂದು ನನಗೆ ಹೇಳಿದ್ದರು. ಪೈಪಿನ ಬಾಯಿ ವರ್ಷ ವರ್ಷಕ್ಕೆ ಚಿಕ್ಕದಾಗುತ್ತಾ ಹೋಯಿತು. ಹಲಗೆಯ ಮೇಲೆ ಒಂದು ಸಾಲು ಬರೆದು, ಅದರ ಮೇಲೇ ಇನ್ನೊಂದು ಸಾಲು ಬರೆದುಬಿಡುತ್ತಿದ್ದರು. ಮಕ್ಕಳು ಮೊದಲು ನಕ್ಕರು, ಆಮೇಲೆ ಮನೆಯಲ್ಲಿ ಹೇಳಿದರು. ಒಬ್ಬೊಬ್ಬರಾಗಿ ಬಿಡಿಸಿಕೊಂಡರು. ಯಾರೂ ಕೆಟ್ಟ ಮಾತು ಆಡಲಿಲ್ಲ. ಮಗೂಗೆ ಜ್ವರ, ಹುಳುವಿನ ಕೆಲಸ ಜಾಸ್ತಿ, ಹಬ್ಬ ಕಳೀಲಿ, ಹೀಗೆ. ಮೇಷ್ಟ್ರು ಎಲ್ಲದಕ್ಕೂ ಸರೇ ಸರೇ ಎಂದರು.

ಯಾರೂ ಬರದೆ ಹೋದ ಮೇಲೂ ಆ ಹೊತ್ತಿಗೆ ಸರಿಯಾಗಿ ಅವರು ಶರಟು ಹಾಕಿಕೊಂಡು, ಕೈಯಿಂದ ತಡವಿ ಚಾಪೆ ಹಾಸುತ್ತಿದ್ದರು. ಏನೂ ಬರೆಯದ ಹಲಗೆಯನ್ನು ಒರೆಸುತ್ತಿದ್ದರು. ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ದನಗಳು ಮನೆಗೆ ಬಂದು, ಡೇರಿಗೆ ಹೋದ ಹೆಂಗಸರು ಖಾಲಿ ಕ್ಯಾನು ಹಿಡಿದು ವಾಪಸು ಬಂದ ಮೇಲೆ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸುತ್ತಿದ್ದರು. ನನ್ನ ಯಜಮಾನರು ಹೋದ ಹೊಸದರಲ್ಲಿ ನಾನೂ ಎರಡು ತಟ್ಟೆ ತೆಗೆದಿಟ್ಟುಕೊಂಡು ಕೂತಿದ್ದೆ. ಹಾಗಾಗಿ ಆ ಚಾಪೆಯ ವಿಚಾರ ಅವರ ಹತ್ತಿರ ಯಾವತ್ತೂ ಎತ್ತಲಿಲ್ಲ. ಆ ಹೊತ್ತಿಗೆ ಒಂದು ಲೋಟ ಕಾಫಿ ಮಾಡಿ ಕಿಟಕಿಯ ಬಲಗಡೆ ಮೂಲೆಗೆ ಇಟ್ಟು ಬರುತ್ತಿದ್ದೆ. ಲೋಟ ಯಾವಾಗಲೂ ಅದೇ ಮೂಲೆಯಲ್ಲಿರಬೇಕು. ಒಂದು ಸಲ ಸೊಸೆ ಎಡಗಡೆ ಇಟ್ಟಿದ್ದಕ್ಕೆ ಕೈ ತಗುಲಿ ಚೆಲ್ಲಿತು. ಜಾಗ ಕೆಡಿಸಬೇಡಮ್ಮಾ, ನನಗೆ ಉಳಿದಿರೋದು ಜಾಗಗಳು ಮಾತ್ರ ಎಂದರು.

ನಮ್ಮ ಹುಡುಗಿ ನಮ್ಮ ಮನೆಗೆ ಬಂದದ್ದು ಆ ಕಾಲದಲ್ಲಿ. ಮಗಳನ್ನು ಕೊಟ್ಟಿರುವುದು ಮಂಡಿಕಲ್ ಕಡೆ ಒಂದು ಹಳ್ಳಿಗೆ. ಅಲ್ಲಿಂದ ಕಾಲೇಜಿಗೆ ಸರಿಯಾದ ಬಸ್ಸಿಲ್ಲ. ಅಜ್ಜಿ ಮನೆಯಲ್ಲಿದ್ದು ಶಿಡ್ಲಘಟ್ಟಕ್ಕೆ ಹೋಗಿ ಬರಲಿ ಎಂದು ಕಳಿಸಿದಳು. ಆಗ ನಾವಿನ್ನೂ ಕೋಲಾರ ಜಿಲ್ಲೆಯವರು, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿರಲಿಲ್ಲ. ಕನ್ನಡದಲ್ಲಿ ಹತ್ತನೇ ಕ್ಲಾಸು ಓದಿದ ಹುಡುಗಿಗೆ ಪಿಯುಸಿಯಲ್ಲಿ ಎಲ್ಲವೂ ಇಂಗ್ಲಿಷು. ದಸರಾಕ್ಕೆ ಮೊದಲಿನ ಟೆಸ್ಟಿನಲ್ಲಿ ಗಣಿತ ಫೇಲಾದಳು. ಸಂಜೆ ಬಂದವಳು ಚೀಲ ಇಳಿಸದೆ, ಸೈನ್ಸು ಬಿಟ್ಟು ಆರ್ಟ್ಸಿಗೆ ಹೋಗ್ತೀನಿ ಅಜ್ಜಿ ಎಂದು ಅತ್ತಳು. ಗೋಡೆ ತೆಳ್ಳಗಿನದು. ಮೇಷ್ಟ್ರು ಆ ಕಡೆಯಿಂದ ಕೂಗಿ ಯಾವ ಪಾಠ ಎಂದು ಕೇಳಿದರು. ಸ್ಟ್ರೈಟ್ ಲೈನ್ಸ್ ಎಂದಳು ಹುಡುಗಿ. ಆಮೇಲೆ ಅವರೇ ಗೋಡೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು.

"ಅಮ್ಮಾ, ಇವಳನ್ನ ನನಗೆ ಕೊಡಿ. ದುಡ್ಡು ಕಾಸಿನ ಮಾತು ಬೇಡ. ಒಂದು ಮಗು ನನ್ನ ಕೈಯಲ್ಲಿ ಪಾಸಾದ್ರೆ ನಾನಿನ್ನೂ ಮೇಷ್ಟ್ರು. ಇಲ್ಲಾಂದ್ರೆ ನಿಮ್ಮನೆ ಬಾಡಿಗೆಯೋನು, ಅಷ್ಟೇ."

ಹುಡುಗಿಯ ಕಡೆ ನೋಡಿದೆ. ಅವಳು ಕಣ್ಣು ಒರೆಸಿಕೊಂಡು ಪುಸ್ತಕ ತೆಗೆದಳು.

ಮೊದಲ ದಿನವೇ ಹಲಗೆ ಕೈಕೊಟ್ಟಿತು. ಅಡ್ಡ ಗೆರೆ, ಉದ್ದ ಗೆರೆ ಎಳೆದು, ಅವುಗಳ ಮೇಲೆ ಓರೆ ಗೆರೆ ಎಳೆಯಲು ಹೋಗಿ, ಅದು ಎಲ್ಲೋ ಹೊರಟು ಎಲ್ಲೋ ನಿಂತಿತು. ಸೀಮೆಸುಣ್ಣ ಕೆಳಗಿಟ್ಟ ಶಬ್ದ ನನಗೆ ಕೇಳಿಸಿತು. ಮುಗಿಯಿತು, ಇವಳನ್ನೂ ಕಳಿಸಿಬಿಡುತ್ತಾರೆ ಅಂದುಕೊಂಡೆ. ಅವರು ಅವಳನ್ನು ಕರೆದುಕೊಂಡು ಸೀದಾ ನಮ್ಮ ಹಿತ್ತಲಿಗೆ ಬಂದರು.

ಹಿತ್ತಲಿನ ಗೋಡೆಗೆ ಚಂದ್ರಿಕೆಗಳನ್ನು ಒರಗಿಸಿದ್ದೆವು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ, ಬಾಗಿಲಿನಷ್ಟು ಅಗಲದ ಬಿದಿರಿನ ತಟ್ಟಿಗಳು ಅವು. ಗೂಡು ಬಿಡಿಸಿ, ತೊಳೆದು ಬಿಸಿಲಿಗೆ ಇಟ್ಟಿದ್ದು. ಮೇಷ್ಟ್ರು ಒಂದನ್ನು ತಡವಿ ನೋಡಿ, ನೆಲ ಒಂದು ಗೆರೆ, ಗೋಡೆ ಒಂದು ಗೆರೆ, ಚಂದ್ರಿಕೆ ನಮ್ಮ ಗೆರೆ ಎಂದರು. ನನ್ನಿಂದ ಒಂದು ಚಿಂದಿ ಬಟ್ಟೆ ಈಸಿಕೊಂಡು ಚಂದ್ರಿಕೆಯ ಅಂಚಿಗೆ ಕಟ್ಟಿದರು. ಅದು ಬಿಂದು. ಗೋಡೆಯಿಂದ ಅದು ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ ಎಂದು ಹುಡುಗಿಯ ಗೇಣಿನಲ್ಲೇ ಅಳೆಸಿದರು. ಒಂದು ಗೇಣು ಗೋಡೆಯ ಕಡೆಗೆ ಸರಿದರೆ ಎರಡು ಗೇಣು ಮೇಲಕ್ಕೆ ಏರುತ್ತೆ. ಅದು ಓರೆ. ಕಾಲೇಜಿನಲ್ಲಿ ಸ್ಲೋಪ್ ಅಂತಾರೆ, ಗಾರೆಯವರು ವಾಟ ಅಂತಾರೆ, ನೀನು ಏನು ಬೇಕಾದ್ರೂ ಅನ್ನು ಎಂದರು.

ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ. ಹುಡುಗಿ ಎಷ್ಟೋ ಸಲ ನನ್ನ ಬಾಯಲ್ಲಿ ಹೇಳಿಸಿ ನಕ್ಕಿದ್ದಾಳೆ.

"ಈ ಗೆರೆ ಮೇಲೆ ನೀನು ಎಲ್ಲಿ ಬೇಕಾದ್ರೂ ನಿಂತ್ಕೋ. ನೀನು ನಿಂತ ಜಾಗಕ್ಕೂ ಆ ಬಟ್ಟೆಗೂ ಎತ್ತರದಲ್ಲಿ ಎಷ್ಟು ವ್ಯತ್ಯಾಸ, ಅಡ್ಡದಲ್ಲಿ ಎಷ್ಟು ವ್ಯತ್ಯಾಸ, ನೋಡು. ಎತ್ತರನ ಅಡ್ಡದಿಂದ ಭಾಗಿಸು. ಎಲ್ಲೇ ನಿಂತ್ರೂ ಅದೇ ಓರೆ ಬರಬೇಕು. ಬರಲಿಲ್ಲ ಅಂದ್ರೆ ನೀನು ಗೆರೆ ಮೇಲೆ ಇಲ್ಲ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೆ ಸಮೀಕರಣ. ಮುಗೀತು."

ಹುಡುಗಿ ಮಣ್ಣಿನ ಮೇಲೆ ಕಡ್ಡಿಯಿಂದ ಬರೆದಳು. ಹಾಗಾದರೆ ಇದು ಗೋಡೆಯನ್ನು ಎಷ್ಟು ಎತ್ತರದಲ್ಲಿ ಮುಟ್ಟುತ್ತೆ, ಲೆಕ್ಕ ಮಾಡಿ ಹೇಳು, ಆಮೇಲೆ ಅಳೆಯೋಣ ಎಂದರು. ಅವಳು ಹೇಳಿದಳು. ಅಳೆದಳು. ಸರಿಯಾಗಿತ್ತು. ಹಿತ್ತಲಲ್ಲಿ ಕುಣಿದಾಡಿದಳು ನಮ್ಮ ಹುಡುಗಿ. ನಾನು ಸೊಪ್ಪಿನ ಕತ್ತಿ ಹಿಡಿದೇ ನೋಡಲು ಬಂದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನ ಜೀವಮಾನವೆಲ್ಲ ಚಂದ್ರಿಕೆ ಒರಗಿಸಿದ್ದೇನೆ. ಅದರೊಳಗೆ ಇಷ್ಟು ಕಥೆ ಇದೆ ಎಂದು ಯಾರೂ ಹೇಳಿರಲಿಲ್ಲ.

ಅವಳು ಒಂದು ಕಡೆ ಮಾತ್ರ ಬಿಡದೆ ತಪ್ಪು ಮಾಡುತ್ತಿದ್ದಳು. ಓರೆ ಪ್ಲಸ್ಸೋ ಮೈನಸ್ಸೋ ಎನ್ನುವಲ್ಲಿ. ಅದಕ್ಕೆ ಕಾರಣ ನಮ್ಮೂರ ರಸ್ತೆ. ನಮ್ಮೂರು ದಿಬ್ಬದ ಮೇಲಿದೆ, ಬಸ್ ಸ್ಟಾಪು ಕೆಳಗಿದೆ. ನಡುವಿನ ರಸ್ತೆಯನ್ನು ನಾವು ಇಳಿಜಾರು ಎನ್ನುತ್ತೇವೆ, ಕೆಳಗಿನ ಊರಿನವರು ಏರು ಎನ್ನುತ್ತಾರೆ. ಹುಡುಗಿಯ ತಲೆಯಲ್ಲಿ ಅದು ಹಾಗೇ ಕೂತಿತ್ತು. ಕಾಲೇಜಿಗೆ ಹೋಗುವಾಗ ಮೈನಸ್ಸು, ಮನೆಗೆ ಬರುವಾಗ ಪ್ಲಸ್ಸು. ಅಂದರೆ ಒಂದೇ ಗೆರೆಗೆ ಬೆಳಿಗ್ಗೆ ಒಂದು ಓರೆ, ಸಂಜೆ ಒಂದು ಓರೆ. ನಾನೂ ಅವಳ ಪರವಾಗಿದ್ದೆ.

ಒಂದು ಸಂಜೆ ಅವಳನ್ನು ಎದುರುಗೊಳ್ಳಲು ನಾನೂ ಮೇಷ್ಟ್ರೂ ಬಸ್ ಸ್ಟಾಪಿನ ತನಕ ಹೋಗಿದ್ದೆವು. ವಾಪಸು ಹತ್ತುತ್ತಾ ನನಗೆ ಏದುಸಿರು ಬರುತ್ತಿತ್ತು. ಏರು ತಾನೇ ಮೇಷ್ಟ್ರೇ ಇದು, ನನ್ನ ಮಂಡೀನ ಕೇಳಿ ಎಂದೆ.

"ನಿಮ್ಮ ಮಂಡಿಗೆ ಏರು ಅಮ್ಮಾ. ರಸ್ತೆಗಲ್ಲ," ಎಂದರು. ಹುಡುಗಿಯ ಕಡೆ ತಿರುಗಿ, "ಹೋಗೋವಾಗ ಹತ್ತು ಹೆಜ್ಜೆ ಮುಂದಕ್ಕೆ ಹೋಗ್ತೀಯ, ಒಂದು ಕೆಳಕ್ಕೆ ಇಳೀತೀಯ. ಬರೋವಾಗ ಒಂದು ಮೇಲಕ್ಕೆ ಹತ್ತುತೀಯ, ನಿಜ. ಹತ್ತು ಹೆಜ್ಜೆ ಹಿಂದಕ್ಕೂ ಬರ್ತೀಯಲ್ಲ, ಅದನ್ನ ಯಾಕೆ ಮರೀತೀಯ? ಎರಡೂ ತಿರುಗಿದ್ರೆ ಭಾಗಾಕಾರ ತಿರುಗಲ್ಲ ಕಣಮ್ಮ. ಹೋದ್ರೂ ಬಂದ್ರೂ ಓರೆ ಒಂದೇ."

ಹುಡುಗಿ ರಸ್ತೆಯ ನಡುವೆ ನಿಂತುಬಿಟ್ಟಳು. ಹಿಂದೆ ಬರುತ್ತಿದ್ದ ಹಾಲಿನ ಸೈಕಲ್ಲಿನವನು ಗಂಟೆ ಬಾರಿಸಿ ಬೈದುಕೊಂಡು ಹೋದ. ಅವಳಿಗೆ ಅದು ಕೇಳಿಸಲಿಲ್ಲ. ಮುಖ ಹಾಗಾಗಿತ್ತು, ಮುಚ್ಚಿದ ಕಿಟಕಿ ತೆಗೆದ ಹಾಗೆ. ಆ ಮುಖವನ್ನು ಮೇಷ್ಟ್ರು ನೋಡಬೇಕಿತ್ತು ಅನ್ನಿಸಿತು ನನಗೆ. ಅವರು ರಸ್ತೆಯ ಆ ಬದಿಗೆ ತಿರುಗಿ ನಿಂತು, ಯಾಕೆ ಸುಮ್ಮನಾದೆ, ಅರ್ಥ ಆಯ್ತಾ ಎಂದು ಕೇಳುತ್ತಿದ್ದರು.

ಆ ತಪ್ಪು ಅಲ್ಲಿಗೆ ನಿಂತಿತು. ಆದರೂ ಬಿಂದುವಿನಲ್ಲೇ ಮೈನಸ್ ಇದ್ದರೆ, ಮೈನಸ್ಸಿನೊಳಗಿನ ಮೈನಸ್ಸನ್ನು ಬಿಡಿಸುವಾಗ ಎಡವುತ್ತಿದ್ದಳು. ಮೇಷ್ಟ್ರು ಅವಳ ಬರಹ ನೋಡುತ್ತಿರಲಿಲ್ಲ, ನೋಡಲು ಆಗುತ್ತಿರಲಿಲ್ಲ. ಅವಳು ಜೋರಾಗಿ ಹೇಳಿಕೊಂಡು ಲೆಕ್ಕ ಮಾಡಬೇಕು, ಅವರು ಕಣ್ಣು ಮುಚ್ಚಿ ಕೇಳುತ್ತಾ ಕೂರುತ್ತಿದ್ದರು. ತಪ್ಪು ಬರುವ ಒಂದು ಸಾಲು ಮೊದಲೇ ಕೈ ಎತ್ತುತ್ತಿದ್ದರು. ಈಗ ಬೀಳ್ತೀಯ ನೋಡು ಎಂದು. ಹಾಗೇ ಬೀಳುತ್ತಿದ್ದಳು. ಮೂವರೂ ನಗುತ್ತಿದ್ದೆವು.

ಪರೀಕ್ಷೆಯ ದಿನಗಳಲ್ಲಿ ಹುಡುಗಿಗಿಂತ ಅವರೇ ಸೊರಗಿದರು. ಗಣಿತದ ದಿನ ನಮ್ಮ ಬಾಗಿಲಿಗೆ ಬಂದು ಕೂತವರು ಅವಳು ಬರುವ ತನಕ ಊಟಕ್ಕೆ ಏಳಲಿಲ್ಲ. ಬಂದ ಕೂಡಲೇ ಪ್ರಶ್ನೆಗಳನ್ನು ಹೇಳಿಸಿ, ಏನು ಬರೆದೆ ಎಂದು ಒಂದೊಂದನ್ನೂ ಕೇಳಿ ತಲೆಯಲ್ಲೇ ತಿದ್ದಿದರು. ಫಲಿತಾಂಶ ಬರುವ ಮೊದಲೇ ಎಷ್ಟು ಬರುತ್ತೆ ಎಂದು ಹೇಳಿದರು, ಹೆಚ್ಚು ಕಡಿಮೆ ಅಷ್ಟೇ ಬಂತು. ಅವಳು ಪಾಸು. ಅವತ್ತು ಕಾಫಿ ತೆಗೆದುಕೊಂಡು ಹೋದರೆ ಮೇಷ್ಟ್ರು ಹಲಗೆಗೆ ಮುಖ ಮಾಡಿ ನಿಂತಿದ್ದರು. ಅಮ್ಮಾ, ಇವತ್ತಿನಿಂದ ನಾನು ಮತ್ತೆ ಮೇಷ್ಟ್ರು ಎಂದರು. ನಗುತ್ತಾರೇನೋ ಎಂದು ನೋಡಿದೆ. ನಗಲಿಲ್ಲ.

ಬೇಸಿಗೆಯಲ್ಲಿ ಎದುರು ಮನೆಯವಳು ಬಂದು, ನನ್ನ ಮಗನನ್ನೂ ಸೇರಿಸಿಕೊಳ್ಳಿ ಎಂದು ಕೇಳಿದಳು. ಎರಡನೇ ಚಾಪೆಯನ್ನು ಒದರಿ ಬಿಸಿಲಿಗೆ ಹಾಕಿದರು ಮೇಷ್ಟ್ರು. ಅದೇ ವಾರ ಪಂಚಾಯ್ತಿಯವರು ನೀರಿನ ಪೈಪಿಗೆ ಅಂತ ರಸ್ತೆ ಅಗೆದರು. ದಿಬ್ಬದ ನಡುವೆ ಮೋರಿಯ ಪಕ್ಕ ಒಂದು ಹಳೆಯ ಚಪ್ಪಡಿ ಕಲ್ಲಿತ್ತು. ಮೇಷ್ಟ್ರು ಆ ಕಲ್ಲನ್ನು ಕಾಲಿನಿಂದ ಮುಟ್ಟಿ, ಅಲ್ಲಿಂದ ರಸ್ತೆಯ ಓರೆ ಹಿಡಿದು ಮನೆ ಸೇರುತ್ತಿದ್ದರು. ಅಗೆಯುವವರು ಅದನ್ನು ಎತ್ತಿ ಪಕ್ಕಕ್ಕೆ ಹಾಕಿದ್ದರು. ಇವರು ಕಲ್ಲು ಹುಡುಕುತ್ತಾ ಹೋಗಿ ಗುಂಡಿಗೆ ಬಿದ್ದರು. ನಾಲ್ಕು ಜನ ಸೇರಿ ಎತ್ತಿಕೊಂಡು ಬಂದಾಗ ತೊಡೆಯ ಮೂಳೆ ಮುರಿದಿತ್ತು. ನೋವಿನಲ್ಲೂ ನನಗೆ ಹೇಳಿದ್ದು ಒಂದೇ ಮಾತು. ಓರೆ ಗೊತ್ತಿತ್ತು ಅಮ್ಮಾ, ಬಿಂದುನೇ ತೆಗೆದುಬಿಟ್ಟಿದ್ರು.

ಅಕ್ಕನ ಮಗ ಬಂದು ಗೌರಿಬಿದನೂರಿಗೆ ಕರೆದುಕೊಂಡು ಹೋದ. ಇನ್ನು ಒಂಟಿಯಾಗಿ ಬಿಡೋದಿಲ್ಲ ಎಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅವರಿದ್ದ ಕೋಣೆಯಲ್ಲಿ ಈಗ ಸೊಪ್ಪಿನ ಬುಟ್ಟಿ ಜೋಡಿಸಿದ್ದೇವೆ. ಅವರು ಹೋದ ಹೊಸದರಲ್ಲಿ ಸಂಜೆ ಆ ಹೊತ್ತಿಗೆ ನನ್ನ ಕೈ ತಾನಾಗಿ ಕಾಫಿ ಲೋಟಕ್ಕೆ ಹೋಗುತ್ತಿತ್ತು. ಮನೆಯ ತುಂಬ ಜನ, ಮಗ, ಸೊಸೆ, ಹುಳು, ಸೊಪ್ಪು, ಆಳುಗಳು. ಆದರೂ ಗೋಡೆಯ ಆ ಕಡೆ ಗೊಣಗುವ ಸದ್ದಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು.

ಅವರನ್ನು ನೋಡಲು ಹೋಗಿದ್ದು ದೀಪಾವಳಿ ಕಳೆದ ಮೇಲೆ. ಹುಡುಗಿ ಆಗ ಎರಡನೇ ಪಿಯುಸಿ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ಬೆಟ್ಟಗಳ ನಡುವೆ ಸುತ್ತಿಕೊಂಡು ಹೋಗುವ ಹೊತ್ತಿಗೆ ಮಧ್ಯಾಹ್ನ. ಒಳ್ಳೆಯ ಮನೆ. ಅಕ್ಕನ ಮಗನ ಹೆಂಡತಿ, ಆ ಮನೆಯ ಸೊಸೆ, ಒಳ್ಳೆಯವಳು. ಮೇಷ್ಟ್ರಿಗೆ ಹೊತ್ತು ಹೊತ್ತಿಗೆ ಊಟ, ಮಾತ್ರೆ, ಮೆತ್ತಗಿನ ಹಾಸಿಗೆ. ಮುಖ ನುಣ್ಣಗೆ ಬೋಳಿಸಿದ್ದರು. ಜಗುಲಿಯ ಬೆಂಚಿನ ಮೇಲೆ ಹೊಸ ಪೈಜಾಮ, ಬನಿಯನ್ನು ಹಾಕಿಕೊಂಡು ಕೂತಿದ್ದರು. ಕಣ್ಣು ಪೂರ್ತಿ ಹೋಗಿತ್ತು. ಬೂದು ಗುರುತಿನ ಶರಟು ಎಲ್ಲಿ ಮೇಷ್ಟ್ರೇ ಎಂದೆ. ಹಳೇದೆಲ್ಲ ಎತ್ತಿಟ್ಟಿದ್ದೀವಿ, ಮನೇಲಿರೋರಿಗೆ ಶರಟು ಯಾಕೆ, ಉಸಿರುಕಟ್ಟುತ್ತೆ ಅಂತ ಎಂದಳು ಸೊಸೆ.

ಆ ಮನೆಯಲ್ಲಿ ಓದುವ ಮಕ್ಕಳಿಬ್ಬರು. ನಿಮಗೆ ಒಳ್ಳೇದಾಯ್ತಲ್ಲ, ಮನೆಯಲ್ಲೇ ಶಿಷ್ಯರು ಎಂದೆ. ಸೊಸೆಯೇ, ಮಕ್ಕಳದು ಬೇರೆ ಸಿಲಬಸ್ಸಂತೆ ಅಮ್ಮ, ತಾತ ಹೇಳಿದ ಹಾಗೆ ಮಾಡಿದ್ರೆ ಸ್ಕೂಲಲ್ಲಿ ಒಪ್ಪಲ್ವಂತೆ ಎಂದು ನಕ್ಕಳು. ಮಕ್ಕಳು ಬಂದು ನಮಸ್ಕಾರ ಮಾಡಿ ಆಟಕ್ಕೆ ಹೋದರು. ತಾತ, ಬರ್ತೀವಿ ಎಂದರು. ಆ ಮನೆಯಲ್ಲಿ, ಆ ಬೀದಿಯಲ್ಲಿ ಎಲ್ಲರಿಗೂ ಅವರು ತಾತ. ಮೇಷ್ಟ್ರೇ ಎಂದು ಕರೆಯುವವಳು ನಾನೊಬ್ಬಳೇ. ನಾನು ಹಾಗೆ ಕರೆದಾಗಲೆಲ್ಲ ಅವರು ಸ್ವಲ್ಪ ತಡೆದು, ಯಾರನ್ನೋ ಕರೆದಿದ್ದು ಎನ್ನುವ ಹಾಗೆ ತಲೆ ಎತ್ತುತ್ತಿದ್ದರು.

ಹುಡುಗಿ ಇದನ್ನೆಲ್ಲ ನೋಡುತ್ತಿದ್ದಳು. ಊಟವಾದ ಮೇಲೆ ಹೋಗಿ ಅವರ ಪಕ್ಕ ಕೂತಳು. ನನಗೆ ಏನೂ ಹೇಳಿರಲಿಲ್ಲ ಅವಳು.

"ಸಾರ್, ಒಂದು ಲೆಕ್ಕ ಬರ್ತಿಲ್ಲ. ಬಿಂದು ಕೊಟ್ಟಿದ್ದಾರೆ, ಓರೆ ಕೊಟ್ಟಿದ್ದಾರೆ, ಗೆರೆ ಕಂಡುಹಿಡೀಬೇಕು."

ಆ ಪಾಠ ಹಿಂದಿನ ವರ್ಷವೇ ಮುಗಿದಿತ್ತು. ಅವಳಿಗೆ ಅದು ನಿದ್ದೆಗಣ್ಣಲ್ಲೂ ಬರುತ್ತಿತ್ತು. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ ಕೂತರು. ಜೋರಾಗಿ ಹೇಳಿಕೊಂಡು ಮಾಡು ಎಂದು ಕಣ್ಣು ಮುಚ್ಚಿದರು. ಅವಳು ಶುರು ಮಾಡಿದಳು. ಎರಡನೇ ಸಾಲಿನಲ್ಲಿ ಬೇಕೆಂದೇ ಒಂದು ತಪ್ಪು ಮಾಡಿದಳು. ಅಡ್ಡದ ಸಂಖ್ಯೆಯನ್ನು ಎತ್ತರದ ಜಾಗದಲ್ಲಿ ಹಾಕಿದಳು. ಅವರ ಕೈ ಮೇಲೇಳಲಿಲ್ಲ. ಅವಳು ನಿಲ್ಲಿಸಿದಳು.

"ಇದು ನಿನ್ನ ತಪ್ಪಲ್ಲ ಕಣಮ್ಮ," ಎಂದರು ಮೇಷ್ಟ್ರು. "ನೀನು ಮೈನಸ್ ಹತ್ರ ಬೀಳೋಳು. ಇದನ್ನ ಯಾರದೋ ಹತ್ರ ಸಾಲ ತಂದಿದ್ದೀಯ."

ಹುಡುಗಿಯ ಮುಖ ಕೆಂಪಾಯಿತು. ನನಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಬಿಡಿ ಮೇಷ್ಟ್ರೇ, ಮಗು ಏನೋ ನಿಮ್ಮ ಮಾತು ಕೇಳಬೇಕು ಅಂತ ಆಸೆಪಟ್ಟಳು ಎಂದೆ. ಅವರು ಕೋಪ ಮಾಡಿಕೊಂಡಿರಲಿಲ್ಲ. ಅವಳ ತಲೆಯನ್ನು ತಡವಿ, ಹಣೆಯ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟರು. ಬರೆದುಕೋ ಎಂದರು.

ನೆಲವೂ ಗೋಡೆಯೂ ಸೇರುವ ಹಾಗೆ ಒಂದಕ್ಕೊಂದು ನೆಟ್ಟಗೆ ಸೇರುವ ಎರಡು ರಸ್ತೆಗಳಿವೆ. ಹತ್ತಿರದಲ್ಲೇ ಒಂದು ಬಾವಿ. ಬಾವಿಯನ್ನು ಮುಟ್ಟಿಕೊಂಡು ಹಾದು ಎರಡು ರಸ್ತೆಗೂ ತಗಲುವ ಹಾಗೆ ಒಂದು ಬದು ಹಾಕಬೇಕು. ಬದುವಿಗೂ ರಸ್ತೆಗಳಿಗೂ ನಡುವೆ ಸಿಕ್ಕುವ ಮೂರು ಮೂಲೆಯ ಜಮೀನು ಇಷ್ಟೇ ಇರಬೇಕು. ಬದು ಯಾವ ಗೆರೆ? ಬಾವಿ ಎಲ್ಲಿದೆ, ಜಮೀನು ಎಷ್ಟು ಎಂದು ಸಂಖ್ಯೆ ಹೇಳಿದರು. ಅವಳು ಬರೆದುಕೊಂಡು, ಓರೆ ಎಷ್ಟು ಸಾರ್ ಎಂದಳು. ಭಾನುವಾರ ಮಾಡಿಕೊಂಡು ಬಾ ಎಂದರು ಅಷ್ಟೇ. ಬಸ್ಸಿಗೆ ಹೊತ್ತಾಯಿತು, ಹೊರಟೆವು.

ಬಸ್ಸಿನಲ್ಲಿ ಹುಡುಗಿ ಕಿಟಕಿಯ ಕಡೆ ನೋಡಲೇ ಇಲ್ಲ. ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಬೆಟ್ಟದ ತಿರುವುಗಳಲ್ಲಿ ಪೆನ್ನು ಅಡ್ಡಾದಿಡ್ಡಿ ಹೋಗುತ್ತಿತ್ತು. ಚಿಕ್ಕಬಳ್ಳಾಪುರ ಹತ್ತಿರ ಬಂದಾಗ ಪೆನ್ನು ಮುಚ್ಚಿ ನನ್ನ ಕಡೆ ತಿರುಗಿದಳು.

"ಅಜ್ಜಿ, ಇದು ನಿಜವಾಗ್ಲೂ ಬರ್ತಿಲ್ಲ. ಓರೆನೇ ಕೊಟ್ಟಿಲ್ಲ."

ಯಾವ ಅಜ್ಜಿಯಾದರೂ ಮೊಮ್ಮಗಳಿಗೆ ಲೆಕ್ಕ ಬರುವುದಿಲ್ಲ ಎಂದರೆ ಬೇಜಾರು ಮಾಡಿಕೊಳ್ಳುತ್ತಾಳೆ. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ಪಕ್ಕದವರು ನೋಡುತ್ತಿದ್ದರೂ ಬಿಡದೆ ಅವಳ ಕೆನ್ನೆ ಹಿಡಿದು ಮುದ್ದಿಟ್ಟೆ. ಕಾಲೇಜಿನಲ್ಲಿ ಯಾರನ್ನೂ ಕೇಳಬೇಡ, ಮೇಷ್ಟ್ರನ್ನೇ ಕೇಳು ಎಂದೆ. ಕೇಳಲ್ಲ ಅಜ್ಜಿ ಎಂದಳು.

ಮುಂದಿನ ಭಾನುವಾರ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರ ಎಂದರೆ ಹುಳು ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು, ಮನೆ ಬಿಟ್ಟು ಕದಲುವ ಹಾಗಿಲ್ಲ. ಮಗ ಗೊಣಗಿದ. ಒಂದು ದಿನ ನೀವೇ ನೋಡಿಕೊಳ್ಳಿ ಎಂದು ಹೇಳಿ ಬೆಳಗಿನ ಮೊದಲ ಬಸ್ಸಿಗೆ ಹುಡುಗಿಯನ್ನು ಕರೆದುಕೊಂಡು ಹೊರಟೆ.

ಗೌರಿಬಿದನೂರಿನ ಆ ಮನೆಯ ಬೀದಿಗೆ ತಿರುಗಿದಾಗ ಸೊಸೆ ಬಾಗಿಲಲ್ಲೇ ಸಿಕ್ಕಳು. ನೀವು ಬರೋ ಸುದ್ದಿ ನನಗೆ ಗೊತ್ತೇ ಇರಲಿಲ್ಲ ಅಮ್ಮ ಎಂದಳು. ತಾತ ಮಾತ್ರ ಬೆಳಿಗ್ಗೆ ಎದ್ದವರೇ ಪೆಟ್ಟಿಗೆ ತೆಗೆಸಿ ಹಳೆ ಶರಟು ಹಾಕಿಸಿಕೊಂಡಿದ್ದಾರೆ, ತಿಂಡಿಗೆ ಕರೆದರೂ ಬಂದಿಲ್ಲ ಎಂದಳು.

ಮೇಷ್ಟ್ರು ಬೆಂಚಿನ ಒಂದು ತುದಿಗೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟು ಕೂತಿದ್ದರು. ಹುಡುಗಿ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು.

"ಬರಲಿಲ್ಲ ಸಾರ್," ಎಂದಳು.

"ಗೊತ್ತಿತ್ತು," ಎಂದರು ಮೇಷ್ಟ್ರು. "ಕೂತ್ಕೋ."